ಯುಕೆ ಸ್ಟೂಡೆಂಟ್ ವೀಸಾ: ಖಾತೆಯಲ್ಲಿ ಎಷ್ಟು ದುಡ್ಡು, ಯಾರ ಹೆಸರಲ್ಲಿ, ಎಷ್ಟು ದಿನ?

ಪ್ರಶ್ನೆ: ಮಗಳಿಗೆ ಇಂಗ್ಲೆಂಡಿನಲ್ಲಿ, ಲಂಡನ್ ಹೊರಗೆ, ಒಂದು ವರ್ಷದ ಎಂ.ಎಸ್ಸಿ. ಸೀಟು ಸಿಕ್ಕಿದೆ. ಫೀಸು 18,000 ಪೌಂಡ್, 5,000 ಕಟ್ಟಿದ್ದೇವೆ. ಉಳಿದದ್ದರಲ್ಲಿ ಸ್ವಲ್ಪ ನನ್ನ ಬ್ಯಾಂಕ್ ಖಾತೆಯಲ್ಲಿದೆ, ಸ್ವಲ್ಪ ಸೌಹಾರ್ದ ಸಹಕಾರಿಯಲ್ಲಿ ಎಫ್‌ಡಿ ಇದೆ, ಮಿಕ್ಕಿದ್ದನ್ನು ನನ್ನ ತಮ್ಮ ಕೊಡುತ್ತಾನೆ. ಹೀಗೇ ತೋರಿಸಬಹುದಾ?

ಉತ್ತರ (ವೀಸಾ ಸಲಹೆಗಾರರು): ಹೀಗೇ ತೋರಿಸಿದರೆ ರಿಜೆಕ್ಟ್ ಆಗುತ್ತದೆ. ಮೊದಲು ಲೆಕ್ಕ ನೋಡಿ. ಬಾಕಿ ಫೀಸು 13,000. ಲಂಡನ್ ಹೊರಗೆ ಜೀವನ ವೆಚ್ಚ ತಿಂಗಳಿಗೆ 1,171 ಪೌಂಡ್‌ನಂತೆ 9 ತಿಂಗಳಿಗೆ 10,539 (ಒಂದು ವರ್ಷದ ಕೋರ್ಸಿಗೂ 9 ತಿಂಗಳದ್ದೇ ಲೆಕ್ಕ; ಲಂಡನ್ ಆಗಿದ್ದರೆ ತಿಂಗಳಿಗೆ 1,529). ಒಟ್ಟು 23,539 ಪೌಂಡ್. ವಿನಿಮಯ ದರ ಏರಿಳಿಯುತ್ತದೆ, ಅದಕ್ಕೇ ಪೌಂಡ್‌ಗೆ 125 ರೂ. ಹಿಡಿಯಿರಿ: ಸುಮಾರು 29.5 ಲಕ್ಷ. ಕಟ್ಟಿದ 5,000 ಸಿಎಎಸ್‌ನಲ್ಲಿ (ವೀಸಾಕ್ಕಾಗಿ ಯೂನಿವರ್ಸಿಟಿ ಕೊಡುವ ಪ್ರವೇಶ ದೃಢೀಕರಣ) ನಮೂದಾಗಿದೆಯೇ ನೋಡಿ, ಇಲ್ಲದಿದ್ದರೆ ಯೂನಿವರ್ಸಿಟಿಗೆ ಹೇಳಿ ಸೇರಿಸಿಸಿ.

ದುಡ್ಡು ಮಗಳ ಅಥವಾ ತಂದೆ-ತಾಯಿಯ ಹೆಸರಲ್ಲೇ ಇರಬೇಕು. ಚಿಕ್ಕಪ್ಪನ ಖಾತೆ ನಡೆಯುವುದಿಲ್ಲ. ಅವರು ಕೊಡುವುದಾದರೆ ಈಗಲೇ ನಿಮ್ಮ ಖಾತೆಗೆ ಹಾಕಲಿ. ಆರ್‌ಬಿಐ ನಿಯಂತ್ರಣದಲ್ಲಿಲ್ಲದ ಸಹಕಾರಿಯ ಠೇವಣಿಯನ್ನೂ ಮುರಿಸಿ ಬ್ಯಾಂಕಿಗೆ ತನ್ನಿ. ಷೇರು, ಪಿಎಫ್, ಚಿನ್ನ, ಸೈಟಿನ ಪತ್ರ ಯಾವುದೂ ಲೆಕ್ಕಕ್ಕಿಲ್ಲ. ಬ್ಯಾಂಕಿನ ಎಫ್‌ಡಿ ಆಗುತ್ತದೆ, ಆದರೆ ಬೇಕಾದಾಗ ಮುರಿಸಲು ಬರುವಂಥದ್ದಿರಬೇಕು.

ಎಲ್ಲ ದುಡ್ಡು ಸೇರಿದ ಮೇಲೆ ಸತತ 28 ದಿನ ಒಂದು ದಿನವೂ ಆ ಮೊತ್ತಕ್ಕಿಂತ ಕೆಳಗಿಳಿಯಬಾರದು. ಹೆಚ್ಚು ಜನ ಎಡವುವುದು ಇಲ್ಲೇ. ಸ್ಟೇಟ್‌ಮೆಂಟಿನ ಕೊನೆಯ ದಿನ ಜುಲೈ 10 ಆದರೆ ಜೂನ್ 13ರಿಂದಲೇ ಪೂರ್ತಿ ಮೊತ್ತ ಇರಬೇಕು. ನಡುವೆ ಒಂದು ಇಎಂಐ ಕಡಿತವಾಗಿ ಐನೂರು ರೂಪಾಯಿ ಕಡಿಮೆಯಾದರೂ ಎಣಿಕೆ ಮತ್ತೆ ಮೊದಲಿಂದ. ಹಾಗಾಗಿ ಆಟೋ-ಡೆಬಿಟ್ ಇರುವ ಖಾತೆಯಲ್ಲಿ ಈ ದುಡ್ಡು ಇಡಲೇಬೇಡಿ. ಇನ್ನು, ಆ ಕೊನೆಯ ದಿನದಿಂದ 31 ದಿನದೊಳಗೆ ಆನ್‌ಲೈನ್ ಅರ್ಜಿ ತುಂಬಿ ಶುಲ್ಕ ಕಟ್ಟಿರಬೇಕು.

ಪ್ರಶ್ನೆ: ದುಡ್ಡು ನನ್ನ ಖಾತೆಯಲ್ಲಿದ್ದರೆ ಬೇರೆ ಏನು ಕಾಗದ ಬೇಕು? ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿದೆ.

ಉತ್ತರ: ಅಂಕಪಟ್ಟಿ ಸಾಲದು, ಜನನ ಪ್ರಮಾಣಪತ್ರವೇ ಬೇಕು. ಜೊತೆಗೆ ಈ ದುಡ್ಡನ್ನು ಮಗಳ ಓದಿಗೆ ಬಳಸಲು ಒಪ್ಪಿಗೆಯಿದೆ ಎಂದು ನಿಮ್ಮ ಸಹಿಯ ಪತ್ರ. ನಮ್ಮ ಕಡೆಯ ದೊಡ್ಡ ತೊಂದರೆ ಇನಿಷಿಯಲ್: ಪ್ರಮಾಣಪತ್ರದಲ್ಲಿ ‘ಶಿವಣ್ಣ’, ಪಾಸ್‌ಬುಕ್ಕಿನಲ್ಲಿ ‘ಎಚ್. ಎನ್. ಶಿವಣ್ಣ’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಹೆಸರು. ಸಮಯವಿದ್ದರೆ ಬ್ಯಾಂಕಿನಲ್ಲಿ ಸರಿಪಡಿಸಿ. ಇಲ್ಲದಿದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಲಗತ್ತಿಸಿ. ಹಳೆಯ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ಅದನ್ನು ಸೇರಿಸಿಸುವ ಕೆಲಸ ಇವತ್ತೇ ಶುರು ಮಾಡಿ. ಕನ್ನಡದಲ್ಲಷ್ಟೇ ಇದ್ದರೆ ಇಂಗ್ಲಿಷ್ ಅನುವಾದದಲ್ಲಿ ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಇರಲಿ.

ಇನ್ನೊಬ್ಬರ ಪ್ರಶ್ನೆ: ಎಜುಕೇಶನ್ ಲೋನ್‌ಗೂ 28 ದಿನ ಕಾಯಬೇಕಾ?

ಉತ್ತರ: ಬೇಡ. ಆದರೆ ಸಾಲ ವಿದ್ಯಾರ್ಥಿಯ ಹೆಸರಲ್ಲಿರಬೇಕು, ಪತ್ರ 6 ತಿಂಗಳಿಗಿಂತ ಹಳೆಯದಾಗಿರಬಾರದು. ‘ಆಸ್ತಿ ಅಡಮಾನ ನೋಂದಣಿಯಾದ ನಂತರ ಬಿಡುಗಡೆ’ ಎಂಬಂಥ ಸಾಲು ಪತ್ರದಲ್ಲಿದ್ದರೆ ಅದು ಷರತ್ತು, ಒಪ್ಪುವುದಿಲ್ಲ. ವೀಸಾ ಸಿಗಬೇಕೆಂಬ ಒಂದು ಷರತ್ತು ಮಾತ್ರ ನಡೆಯುತ್ತದೆ. ಅಡಮಾನದ ನೋಂದಣಿ ಮುಗಿಸಿ ಬ್ಯಾಂಕಿನಿಂದ ಹೊಸ ಪತ್ರ ಪಡೆಯಿರಿ.

ಪ್ರಶ್ನೆ: 29.5 ಲಕ್ಷದಲ್ಲೇ ವೀಸಾ ಶುಲ್ಕವೂ ಬಂತಾ?

ಉತ್ತರ: ಇಲ್ಲ, ಅದು ಬೇರೆ. ಅದರ ಜೊತೆ ಆರೋಗ್ಯ ಸರ್‌ಚಾರ್ಜ್ (ಅಲ್ಲಿನ ಸರ್ಕಾರಿ ವೈದ್ಯಕೀಯ ಸೇವೆಗೆ ಕಟ್ಟುವ ಹಣ) ವರ್ಷಕ್ಕೆ 776 ಪೌಂಡ್. ಕೋರ್ಸ್ ಮುಗಿದ ಮೇಲಿನ ತಿಂಗಳುಗಳೂ ಸೇರುವುದರಿಂದ ಒಂದು ವರ್ಷದ ಎಂ.ಎಸ್ಸಿ.ಗೆ 1,164 ಆಗುತ್ತದೆ. ಇದನ್ನು ಬೇರೆ ಖಾತೆಯಿಂದ ಕಟ್ಟಿ. ಟಿಬಿ ಪರೀಕ್ಷೆಯನ್ನು ಅನುಮೋದಿತ ಕ್ಲಿನಿಕ್‌ನಲ್ಲೇ ಮಾಡಿಸಿ, ಊರಿನ ಲ್ಯಾಬಿನ ಎಕ್ಸ್‌ರೇ ನಡೆಯುವುದಿಲ್ಲ. ಆ ಪ್ರಮಾಣಪತ್ರಕ್ಕೆ ಆಯಸ್ಸು 6 ತಿಂಗಳು.