ಸಹಾಯ ಬೇಕು: ಹಳೇ ಗೇಮಿಂಗ್ ಪಿಸಿಗೆ ಅಪ್‌ಗ್ರೇಡೋ, ಹೊಸದೋ?

ಈಗಿರುವುದು: ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8+8 ಜಿಬಿ ಡಿಡಿಆರ್4 ರ‍್ಯಾಮ್, ಜಿಟಿಎಕ್ಸ್ 1060 6 ಜಿಬಿ ಗ್ರಾಫಿಕ್ಸ್ ಕಾರ್ಡ್, 2018ರ 450 ವ್ಯಾಟ್ ಪವರ್ ಸಪ್ಲೈ. ಮಾನಿಟರ್ 1080ಪಿ, 144 ಹರ್ಟ್ಜ್.

ಹೊಸ ಗೇಮ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಬಳಕೆ 99%, ಅಂದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ, ಅದು ಸರಿ. ಆದರೆ ಜನಜಂಗುಳಿಯ ದೃಶ್ಯಗಳಲ್ಲಿ 60%ಗೆ ಬೀಳುತ್ತದೆ. ಕಾರ್ಡ್‌ನ ಹೊರೆ ತಗ್ಗಿಸಲು 720ಪಿಗೆ ಇಳಿಸಿದರೂ ಅಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಏರುವುದಿಲ್ಲ. ಅಂದರೆ ಪ್ರೊಸೆಸರೂ ಸೋತಿದೆ. 1060ಕ್ಕೆ ಹೊಸ ಗೇಮ್ ಡ್ರೈವರ್‌ಗಳು 2025ರ ಅಕ್ಟೋಬರ್‌ಗೇ ಮುಗಿದವು, ಇನ್ನು ಭದ್ರತಾ ಅಪ್‌ಡೇಟ್ ಮಾತ್ರ.

ಯೋಚನೆ ಹೀಗಿದೆ: ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ (ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಆಮೇಲೆ ಅದೇ ಬೋರ್ಡ್‌ಗೆ ರೈಜನ್ 7 5700ಎಕ್ಸ್ ಪ್ರೊಸೆಸರ್. ಬಾಕ್ಸ್‌ನಲ್ಲಿ ಕೂಲರ್ ಬರುವುದಿಲ್ಲ, ಒಂದು ಟವರ್ ಕೂಲರ್ ಬೇಕು. (ಈ ಬೋರ್ಡ್‌ನ ಎಎಂ4 ಸಾಕೆಟ್‌ನಲ್ಲಿ ಹಳೇ ಕೂಲರನ್ನು ಬಿಸಿ ಇರುವಾಗ ತಿರುಚಿ ತೆಗೆಯದಿದ್ದರೆ ಪೇಸ್ಟ್‌ಗೆ ಅಂಟಿ ಪ್ರೊಸೆಸರೇ ಕಿತ್ತು ಬರಬಹುದು!) ಕಾರ್ಡ್‌ಗೆ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ. ಬಿ450ಯಲ್ಲಿ ಕಾರ್ಡ್ ಕೂರುವ ಸಂಪರ್ಕ ಹಳೇ ಪಿಸಿಐಇ 3.0. 8 ಲೇನ್‌ನ (ಡೇಟಾ ಹರಿಯುವ ದಾರಿ) 8 ಜಿಬಿ ಕಾರ್ಡ್‌ಗಳು ಮೆಮೊರಿ ತುಂಬಿದಾಗ ಅಲ್ಲಿ ತಡವರಿಸುತ್ತವೆ, 9060 ಎಕ್ಸ್‌ಟಿಗೆ 16 ಲೇನ್ ಇದೆ.

ಅದರ ಬದಲು ಎಎಂ4ರ ನಂತರದ ಎಎಂ5 ಸಾಕೆಟ್‌ಗೆ ಹಾರಿದರೆ ಪ್ರೊಸೆಸರ್ ಜೊತೆ ಬೋರ್ಡ್, ರ‍್ಯಾಮ್ ಎರಡೂ ಹೊಸದು.

ಕೇಳಬೇಕಾದ್ದು ಎರಡು. ಕಾರ್ಡ್‌ಗೆ 160 ವ್ಯಾಟ್ ಸಾಕು, ಆದರೆ ಇಷ್ಟು ಹಳೇ ಪವರ್ ಸಪ್ಲೈ ನಂಬಬಹುದೇ, ಇಲ್ಲ 650 ವ್ಯಾಟ್‌ನದು ಹಾಕಲೇ? ಕಾರ್ಡ್ ಮುಂದೆ ಎಎಂ5ಗೂ ಬರುತ್ತದೆ, 5700ಎಕ್ಸ್ ಬರಲ್ಲ. ಹಾಗಾಗಿ ಮೊದಲು ಕಾರ್ಡ್ ಮಾತ್ರ ಕೊಳ್ಳುವುದು ಜಾಣತನವೇ?