ಸಹಾಯ ಬೇಕು: ಬಾಲ್ ಪೈಥಾನ್ ಮರಿ ಕೈಗೆ ಒಗ್ಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಇರೋದು ಟೆಕ್ಸಸ್‌ನ ಡಲ್ಲಾಸ್ ಹತ್ತಿರ. ಮಗಳು ಬಹಳ ಆಸೆಪಟ್ಟು ಒಂದು ಬಾಲ್ ಪೈಥಾನ್ (ಸಣ್ಣ ಜಾತಿಯ ಹೆಬ್ಬಾವು) ಮರಿ ತಂದಿದ್ದಾಳೆ. ಸಾಕಿದವರ ಹತ್ತಿರವೇ ಮೊಟ್ಟೆಯೊಡೆದ ಮರಿ, ಕಾಡಿನದಲ್ಲ. (ಊರಲ್ಲಿ ಇದನ್ನು ನೋಡಿ ಯಾರೂ ನಾಗರಹಾವು, ಕೇರೆಹಾವು ಹಿಡಿದು ಸಾಕಬೇಡಿ, ಭಾರತದ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.)

ಊಟ ಚೆನ್ನಾಗಿ ಮಾಡುತ್ತದೆ. ಪೆಟ್ಟಿಗೆಯ ಒಂದು ಕಡೆ 31 ಡಿಗ್ರಿ, ಇನ್ನೊಂದು ಕಡೆ 26, ಎರಡೂ ಕಡೆ ಅಡಗಿಕೊಳ್ಳಲು ಗೂಡು ಇದೆ. ತೊಂದರೆ ಎತ್ತಿಕೊಳ್ಳುವಾಗ. ಕೈ ಹತ್ತಿರ ಹೋದರೆ ಸಾಕು, ಕತ್ತನ್ನು ಹಿಂದಕ್ಕೆಳೆದು ಬುಸ್ ಅನ್ನುತ್ತದೆ, ಎತ್ತಿದ ಮೇಲೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಂಡುಬಿಡುತ್ತದೆ, ನಾಲಿಗೆ ಕೂಡ ಹೊರಗೆ ಹಾಕಲ್ಲ.

ಮೇಲಿಂದ ಕೈ ಹಾಕುವುದಿಲ್ಲ. ಮೊದಲು ಪೇಪರ್ ಸುರುಳಿಯಿಂದ ಮೆಲ್ಲಗೆ ಮುಟ್ಟಿ, ಆಮೇಲೆ ಪಕ್ಕದಿಂದ ಹೊಟ್ಟೆ ಕೆಳಗೆ ಕೈ ಕೊಟ್ಟು ಎತ್ತುತ್ತೇವೆ. ಹತ್ತು ನಿಮಿಷ, ಅಷ್ಟೇ. ತಿಂದ ಮೇಲೆ 48 ಗಂಟೆ ಮುಟ್ಟುವುದಿಲ್ಲ, ಪೊರೆ ಬಿಡುವ ಮುಂಚೆ ಕಣ್ಣು ನೀಲಿಗಟ್ಟಿದಾಗಲೂ ಇಲ್ಲ.

ನಾಯಿ ತರಹ ಪ್ರೀತಿ ತೋರಿಸಲಿ ಅಂತ ನಾವು ಕಾಯುತ್ತಿಲ್ಲ. ನಮ್ಮ ಕೈ ಕಂಡರೆ ಅದಕ್ಕೆ ಭಯ ಆಗಬಾರದು, ಮಗಳಿಗೂ ಅದೇ ಚಿಂತೆ.

ಸಾಕಿದವರು ದಯವಿಟ್ಟು ಹೇಳಿ. ಬುಸ್ ಅಂದ ತಕ್ಷಣ ಬಿಟ್ಟುಬಿಡಬೇಕಾ, ಅದು ಸಮಾಧಾನ ಆಗುವ ತನಕ ಕೈಯಲ್ಲೇ ಇಟ್ಟುಕೊಳ್ಳಬೇಕಾ? ದಿನಾ ಎತ್ತಿಕೊಂಡರೆ ಜಾಸ್ತಿ ಆಯ್ತಾ, ವಾರಕ್ಕೆ ಎರಡು ಮೂರು ಸಲ ಸಾಕಾ? ಮಗಳು ತೊಟ್ಟ ಹಳೇ ಟೀ ಶರ್ಟ್ ಗೂಡಿನ ಪಕ್ಕ ಇಟ್ಟರೆ ವಾಸನೆ ಅಭ್ಯಾಸ ಆಗುತ್ತದಾ? ನಿಮ್ಮ ಮರಿ ಸುತ್ತಿಕೊಳ್ಳುವುದನ್ನು ಬಿಟ್ಟಿದ್ದು ಹೇಗೆ ಅಂತ ಬರೆದರೆ ತುಂಬಾ ಉಪಕಾರ.