ಚಿಪ್ ಮೇಲೆ ಓಡುವ ಶಬ್ದ: ಪ್ರೊಫೆಸರ್ ರಿಚರ್ಡ್ ವೈಟ್ ಅವರ ಕೆಲಸ ಅರ್ಥ ಮಾಡಿಸ್ತೀರಾ?

ಪ್ರಶ್ನೆ
ನಮಸ್ಕಾರ. ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದಲ್ಲಿದ್ದೇನೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಪ್ರೊಫೆಸರ್ ರಿಚರ್ಡ್ ಎಂ. ವೈಟ್ ಬಗ್ಗೆ ಸೆಮಿನಾರ್ ಕೊಡಬೇಕು. ಸರ್ಕ್ಯೂಟಿನವರಿಗೆ ಶಬ್ದದ ಅಲೆ ಯಾಕೆ ಬೇಕಾಯ್ತು? ಅವರು ಮಾಡಿದ್ದು ಮೊದಲು ಫಿಲ್ಟರ್ (ಬೇಕಾದ ಫ್ರೀಕ್ವೆನ್ಸಿಯನ್ನು ಮಾತ್ರ ಬಿಡುವ ಭಾಗ), ಆಮೇಲೆ ಸೆನ್ಸರ್. ಇವೆರಡಕ್ಕೂ ಏನು ನಂಟು ಅನ್ನೋದೇ ಹೊಳೀತಿಲ್ಲ.

ಉತ್ತರ 1
ವೇಗ ನೋಡಿ. ಚಿಕ್ಕ ಜಾಗದಲ್ಲೇ ಸಿಗ್ನಲ್ ತಡ ಮಾಡಬೇಕಾದರೆ ನಿಧಾನವಾದ ಶಬ್ದದ ಅಲೆಯೇ ಅನುಕೂಲ. ವಿದ್ಯುತ್ಕಾಂತೀಯ ಅಲೆಯನ್ನು 1 ಮೈಕ್ರೋಸೆಕೆಂಡ್ ತಡ ಮಾಡಲು 300 ಮೀಟರ್ ದಾರಿ ಬೇಕು. ಕ್ವಾರ್ಟ್ಜ್ ಹರಳಿನ ಮೇಲ್ಮೈಯಲ್ಲಿ ಓಡುವ ಶಬ್ದದ ಅಲೆಗೆ ಸುಮಾರು 3 ಮಿಲಿಮೀಟರ್ ಸಾಕು!

ಉತ್ತರ 2
ನಾನು ಸಾ (SAW, ಅಂದ್ರೆ ಮೇಲ್ಮೈ ಶಬ್ದದ ಅಲೆ) ಫಿಲ್ಟರ್ ಟೆಸ್ಟಿಂಗ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯ್ತು.

ಮೇಲ್ಮೈಯಲ್ಲಿ ಓಡುವ ಇಂಥ ಅಲೆ ಇದೆ ಅಂತ ಭೌತವಿಜ್ಞಾನಿ ಲಾರ್ಡ್ ರೇಲಿ 1885ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅದನ್ನು ಚಿಪ್ ಮೇಲೆ ಸುಲಭವಾಗಿ ಹುಟ್ಟಿಸೋದೇ ಕಷ್ಟವಾಗಿತ್ತು. 1965ರಲ್ಲಿ ವೈಟ್ ಮತ್ತು ಅವರ ಸಹಸಂಶೋಧಕ ವೋಲ್ಟ್‌ಮರ್ ಕ್ವಾರ್ಟ್ಜ್ ಮೇಲೇ ಲೋಹದ ತೆಳು ಪಟ್ಟಿಗಳನ್ನು ಇಟ್ಟರು, ಎರಡು ಬಾಚಣಿಗೆಗಳ ಹಲ್ಲು ಒಂದರೊಳಗೊಂದು ಸೇರಿದ ಹಾಗೆ. ವೋಲ್ಟೇಜ್ ಕೊಟ್ಟರೆ ಹರಳಿನ ಮೇಲ್ಮೈ ಹಿಗ್ಗಿ ಕುಗ್ಗಿ ಅಲೆ ಏಳುತ್ತೆ. ಯಾವ ಫ್ರೀಕ್ವೆನ್ಸಿಯ ಅಲೆ ಏಳಬೇಕು ಅನ್ನೋದನ್ನು ಹಲ್ಲುಗಳ ಅಂತರವೇ ತೀರ್ಮಾನಿಸುತ್ತೆ. 100 ಮೆಗಾಹರ್ಟ್ಜ್‌ಗೆ ಒಂದು ಹಲ್ಲಿನ ಅಗಲ 8 ಮೈಕ್ರಾನ್ ಹತ್ತಿರ. ಅಂದ್ರೆ ಚಿತ್ರ ಬರೆದರೆ ಫಿಲ್ಟರ್ ಆಯ್ತು! ಟಿವಿಗೂ ಮೊಬೈಲಿಗೂ ಅದು ಹೋದದ್ದು ಹೀಗೆ.

ಇನ್ನು ಫಿಲ್ಟರಿಗೂ ಸೆನ್ಸರಿಗೂ ಇರುವ ನಂಟಿನ ವಿಷಯ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮುಚ್ಚಳ ತೆಗೆದ ಚಿಪ್ಪೊಂದನ್ನು ನೆಟ್‌ವರ್ಕ್ ಅನಲೈಸರಿಗೆ (ಯಾವ ಫ್ರೀಕ್ವೆನ್ಸಿ ಎಷ್ಟು ಹಾಯುತ್ತೆ ಅಂತ ಗ್ರಾಫ್ ತೋರಿಸುವ ಉಪಕರಣ) ಜೋಡಿಸಿದ್ದೆ. ಅಲೆ ಎಬ್ಬಿಸೋಕೆ ಒಂದು ಬಾಚಣಿಗೆ ಜೋಡಿ, ಹಿಡಿಯೋಕೆ ಇನ್ನೊಂದು. ಎರಡು ಬಾಚಣಿಗೆ ಜೋಡಿಗಳ ನಡುವಿನ ಖಾಲಿ ಜಾಗಕ್ಕೆ ಹತ್ತಿಕಡ್ಡಿಯಿಂದ ಚೂರು ಆಲ್ಕೋಹಾಲ್ ಸೋಕಿಸಿದೆ. ಪರದೆಯ ಮೇಲಿದ್ದ ಗ್ರಾಫಿನ ಗುಡ್ಡ ಕುಸಿದೇ ಹೋಯ್ತು. ಆರಿದ ಮೇಲೆ ತಾನಾಗಿ ಎದ್ದು ಬಂತು. ಅಲ್ಲಿ ತಂತಿ ಇಲ್ಲ, ಲೋಹ ಇಲ್ಲ, ಬರೀ ಹರಳು. ಅಲೆ ಮೇಲ್ಮೈಯಲ್ಲೇ ಓಡುತ್ತೆ ಅಲ್ವಾ, ಹಾಗಾಗಿ ಮೇಲೆ ಏನೇ ಕೂತರೂ ಅದಕ್ಕೆ ಗೊತ್ತಾಗುತ್ತೆ. ಫಿಲ್ಟರಿನವರು ಇದಕ್ಕೆ ಹೆದರಿ ಮುಚ್ಚಳ ಹಾಕ್ತಾರೆ. ಸೆನ್ಸರಿನವರಿಗೆ ಬೇಕಾದದ್ದೇ ಇದು.

ಪ್ರಶ್ನೆ ಕೇಳಿದವರು
ಈಗ ಹೊಳೀತು, ಧನ್ಯವಾದ ಸರ್. ಆದ್ರೆ ದ್ರವ ತಾಗಿದರೆ ಅಲೆಯೇ ಸತ್ತುಹೋದ ಮೇಲೆ ದ್ರವದೊಳಗೆ ಅಳೆಯೋದು ಹೇಗೆ?

ಉತ್ತರ 2
ಒಳ್ಳೆ ಪ್ರಶ್ನೆ. ಕ್ವಾರ್ಟ್ಜ್ ಮೇಲೆ ಅಲೆಯ ವೇಗ ಸೆಕೆಂಡಿಗೆ ಸುಮಾರು 3,158 ಮೀಟರ್, ನೀರಿನಲ್ಲಿ ಶಬ್ದದ್ದು ಸುಮಾರು 1,500. ಅಲೆ ಜಾಸ್ತಿ ವೇಗವಾಗಿರೋದರಿಂದ ಅದರ ಶಕ್ತಿ ನೀರಿಗೆ ಸೋರಿಹೋಗುತ್ತೆ. 1980ರ ದಶಕದಲ್ಲಿ ವೈಟ್ ಗುಂಪು ಕೆಲವೇ ಮೈಕ್ರಾನ್ ದಪ್ಪದ ಪೊರೆಯಲ್ಲಿ ಅಲೆ ಓಡಿಸಿತು. ಅಷ್ಟು ತೆಳು ಪೊರೆಯಲ್ಲಿ ಅಲೆ ನೀರಿನ ಶಬ್ದಕ್ಕಿಂತ ನಿಧಾನ. ಹಾಗಾಗಿ ಸೋರಲ್ಲ.

ಉತ್ತರ 3
1986ರಲ್ಲಿ ವೈಟ್ ಅವರು ಪ್ರೊಫೆಸರ್ ರಿಚರ್ಡ್ ಮುಲ್ಲರ್ ಜೊತೆ ಬರ್ಕ್ಲಿಯಲ್ಲಿ ಸೆನ್ಸರ್ ಮತ್ತು ಆಕ್ಚುಯೇಟರ್ (ಸಿಗ್ನಲ್ ಕೊಟ್ಟರೆ ಚಲಿಸುವ ಸಾಧನ) ಕೇಂದ್ರ ಕಟ್ಟಿದ್ದನ್ನೂ ಸೇರಿಸಿಕೊಳ್ಳಿ. ಆಗುವುದಾದರೆ ಹತ್ತಿಕಡ್ಡಿ ಪ್ರಯೋಗವನ್ನು ಸೆಮಿನಾರಿನಲ್ಲೇ ಮಾಡಿ ತೋರಿಸಿ.